ಹೀಲೋದ ಜಪಾನೀ ತೋಟ

ಹವಾಯಿಗೆ ಹೋದವರೆಲ್ಲ ಬೀಚ್ ಫೋಟೋ ಹಾಕ್ತಾರೆ, ನಾನು ತೋಟದ್ದು ಹಾಕ್ತಿದೀನಿ, ಸಹಿಸ್ಕೊಳ್ಳಿ. ಹೀಲೋ ಕೊಲ್ಲಿಯ ದಡದಲ್ಲೇ ಇರೋ ಲಿಲಿಯುಓಕಲಾನಿ ಗಾರ್ಡನ್ಸ್ ಇದು. ಟಿಕೆಟ್ಟಿನ ತಂಟೆಯಿಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿಯೋಕೆ ಜಪಾನಿನಿಂದ ಬಂದವರ ನೆನಪಿನ ತೋಟ. ಹೆಸರು ಮಾತ್ರ ಹವಾಯಿಯ ಕೊನೆಯ ರಾಣಿಯದು.

ಕಲ್ಲಿನ ದೀಪಗಳು, ಕೆಂಪು ಸೇತುವೆ, ಚಹಾ ಮನೆ ಎಲ್ಲ ಇವೆ, ಫೋಟೋದಲ್ಲಿ ನೋಡ್ಕೊಳ್ಳಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಳ. ಅದಕ್ಕೂ ಸಮುದ್ರಕ್ಕೂ ಒಳಗೊಳಗೇ ಸಂಬಂಧ: ಉಬ್ಬರಕ್ಕೆ ನೀರು ಏರತ್ತೆ, ಇಳಿತಕ್ಕೆ ಇಳಿಯತ್ತೆ. ನಾನು ಹೋದಾಗ ಇಳಿದಿತ್ತು. ಅಂಚಿನ ಕಪ್ಪು ಲಾವಾ ಕಲ್ಲಿನ ಮೇಲೆ ಗೇಣುದ್ದ ಒದ್ದೆ ಪಟ್ಟಿ, ಅದರಲ್ಲೊಂದು ಪುಟ್ಟ ಏಡಿ ನನ್ನನ್ನೇ ದುರುಗುಟ್ಟಿ ನೋಡ್ತಿತ್ತು.

1946ರಲ್ಲಿ ಒಮ್ಮೆ, 1960ರಲ್ಲಿ ಇನ್ನೊಮ್ಮೆ ಸುನಾಮಿ ಈ ಊರಿನ ಮೇಲೇ ನುಗ್ಗಿತ್ತು. ತೋಟಾನೂ ಬಿಡಲಿಲ್ಲ. ಜನ ಅದೇ ಜಾಗದಲ್ಲಿ ಮತ್ತೆ ಸರಿಮಾಡಿದ್ರು, ಸಮುದ್ರಕ್ಕೆ ಬೆನ್ನು ತಿರುಗಿಸದೇನೇ. ನಾನಾಗಿದ್ರೆ ಗುಡ್ಡದ ಮೇಲೆ ಸೈಟ್ ನೋಡ್ತಿದ್ದೆ, ನಿಜ ಹೇಳ್ಬೇಕಂದ್ರೆ.

ಹೋಗೋರಿದ್ರೆ ಕೊಡೆ ಇಟ್ಕೊಳ್ಳಿ. ಹೀಲೋದ ಮಳೆ ಹೇಳಿ ಕೇಳಿ ಬರಲ್ಲ.