ಅಪ್ಪನ ದನಿ ಬರುವ ಹೊತ್ತಿಗೇ ನಿಲ್ಲುತ್ತಿತ್ತು

ಸಾಗರದ ಹತ್ತಿರ ನಮ್ಮ ಮನೆ. 2005ರಲ್ಲಿ ಅಕ್ಕನ ಮದುವೆ ಅಂಗಳದ ಚಪ್ಪರದಲ್ಲೇ ಆಗಿತ್ತು. ಮದುವೆ ದಿನಕ್ಕೆ ವಿಡಿಯೋದವರು ಬಂದಿದ್ದರು. ಆದರೆ ಹಿಂದಿನ ದಿನದ ಓಡಾಟವನ್ನೆಲ್ಲ ಚಿಕ್ಕಪ್ಪನ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದಿಟ್ಟವರು ಅಪ್ಪ. ಹಾಗಾಗಿ ಆ ಒಂದು ಗಂಟೆಯ ಟೇಪಿನಲ್ಲಿ ಅವರು ಎಲ್ಲೂ ಕಾಣುವುದಿಲ್ಲ, ದನಿ ಮಾತ್ರ ಇದೆ. ಅತ್ತೆ ಕೂತು ಬಾಳೆಎಲೆ ಒರೆಸುತ್ತಿರುತ್ತಾರೆ. ಕ್ಯಾಮೆರಾ ಹತ್ತಿರ ಹೋಗುತ್ತದೆ. "ತಂಗೀ, ಇತ್ಲಾಗೆ ನೋಡೆ" ಅನ್ನುತ್ತಾರೆ ಅಪ್ಪ.

ಅಪ್ಪ ಹೋದ ಮೇಲೆ ಆ ಮಿನಿ ಡಿವಿ ಟೇಪನ್ನು ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಟ್ಟಿದ್ದೆ. ಈ ಸಲ ತಿಥಿಗೆ ಅತ್ತೆ ಬರುವವರಿದ್ದರು. ಫೋನಿನ ಪುಟ್ಟ ಪರದೆಯಲ್ಲಿ ಅವರಿಗೆ ಸರಿಯಾಗಿ ಕಾಣುವುದಿಲ್ಲ. ಜಗಲಿಯ ಟಿವಿಯಲ್ಲೇ ತೋರಿಸೋಣ ಅಂತ ಲ್ಯಾಪ್‌ಟಾಪಿನ ಫೋಲ್ಡರನ್ನು ಶೇರ್ ಮಾಡಿ, ಟಿವಿಗೆ ವಿಎಲ್‌ಸಿ ಅನ್ನುವ ವಿಡಿಯೋ ಓಡಿಸುವ ಆ್ಯಪ್ ಹಾಕಿಕೊಂಡೆ. ಸಿನಿಮಾ ಶುರುವಾಯಿತು. ಅರ್ಧ ನಿಮಿಷಕ್ಕೆ ನಿಂತಿತು. ಮತ್ತೆ ಓಡಿತು, ಮತ್ತೆ ನಿಂತಿತು.

"ಅವರು ಮಾತಾಡೋ ಹೊತ್ತಿಗೇ ನಿಂತುಬಿಡುತ್ತಲ್ಲೇ" ಅಂದಳು ಅಮ್ಮ. ಸ್ವಲ್ಪ ಹೊತ್ತು ನೋಡಿ, "ಬಿಡು, ಸುಮ್ನೆ ಯಾಕೆ ಒದ್ದಾಡ್ತೀಯ" ಅಂತ ಒಳಗೆ ಹೋದಳು. ನನಗೆ ಬಿಡಲು ಮನಸ್ಸಾಗಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ: ನೆಟ್ ಸ್ಲೋ ಇದೆ, ದೊಡ್ಡ ಪ್ಲಾನ್ ಹಾಕಿಸು. ನಾನೂ ಅರ್ಧ ನಂಬಿದ್ದೆ. ಹಾಕಿಸುವ ಮುಂಚೆ ಒಂದು ಸಲ ನೋಡಿಬಿಡೋಣ ಅಂತ ಹೊರಗಿನಿಂದ ರೌಟರಿಗೆ ಬರುವ ಫೈಬರ್ ವೈರನ್ನೇ ಕಳಚಿದೆ. ನೆಟ್ ಪೂರ್ತಿ ಹೋಯಿತು. ಸಿನಿಮಾ ಮಾತ್ರ ಮೊದಲಿನ ಹಾಗೇ ಓಡಿತು, ಮೊದಲಿನ ಹಾಗೇ ನಿಂತಿತು. ಅಂದರೆ ಈ ವ್ಯವಹಾರ ಮನೆಯೊಳಗಿನದು. ಲ್ಯಾಪ್‌ಟಾಪಿನಿಂದ ರೌಟರಿಗೆ, ರೌಟರಿನಿಂದ ಟಿವಿಗೆ, ಅಷ್ಟೇ. ಬಫರಿಂಗ್ ಅಂದಕೂಡಲೇ ಪ್ಲಾನ್ ಬದಲಿಸುವವರು ದಯವಿಟ್ಟು ಮೊದಲು ಇದನ್ನು ಮಾಡಿ ನೋಡಿ.

ಆಮೇಲೆ ಅದೇ ಫೈಲಿನಿಂದ ನಾಲ್ಕು ನಿಮಿಷದ ತುಂಡು ಕತ್ತರಿಸಿ ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದೆ. ಎಲ್ಲೂ ನಿಲ್ಲಲಿಲ್ಲ. ಫೈಲು ಸರಿ ಇದೆ, ಟಿವಿ ಸರಿ ಇದೆ. ಉಳಿದಿದ್ದು ದಾರಿ.

ಡಿವಿ ಟೇಪಿನಿಂದ ಇಳಿಸಿದ ಫೈಲು ತೀರಾ ಭಾರ, ಅದು ನನಗೆ ಮೊದಲು ಹೊಳೆದಿರಲಿಲ್ಲ. ಒಂದು ಗಂಟೆಗೆ ಸುಮಾರು 13 ಜಿಬಿ. ಸರಾಗವಾಗಿ ಓಡಬೇಕಾದರೆ ಸೆಕೆಂಡಿಗೆ 29 ಮೆಗಾಬಿಟ್‌ನಷ್ಟು ಹೋಗುತ್ತಲೇ ಇರಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ವೈಫೈ 20 ದಾಟುತ್ತಿರಲಿಲ್ಲ. ಲ್ಯಾಪ್‌ಟಾಪ್ ಇದ್ದದ್ದು ಉಪ್ಪರಿಗೆಯ ಕೋಣೆಯಲ್ಲಿ, ರೌಟರ್ ಕೆಳಗೆ ಜಗಲಿಯಲ್ಲಿ. ನಡುವೆ ಅಜ್ಜನ ಕಾಲದ ದಪ್ಪ ಮಣ್ಣಿನ ಗೋಡೆ. ಸಾಲದ್ದಕ್ಕೆ ಲ್ಯಾಪ್‌ಟಾಪ್, ಟಿವಿ ಎರಡೂ ಒಂದೇ 2.4 ಗಿಗಾಹರ್ಟ್ಸ್ ವೈಫೈನಲ್ಲಿ. ಸಿನಿಮಾ ಒಮ್ಮೆ ರೌಟರಿಗೆ ಬಂದು, ಅದೇ ಗಾಳಿಯಲ್ಲಿ ಇನ್ನೊಮ್ಮೆ ಟಿವಿಗೆ ಹೋಗಬೇಕು. ಒಂದೇ ಓಣಿಯಲ್ಲಿ ಎರಡು ಗಾಡಿ ಸರದಿ ಕಾದ ಹಾಗೆ. ಇರುವ ವೇಗದಲ್ಲಿ ಅಲ್ಲೇ ಅರ್ಧ ಹೋಯಿತು, ಅಲ್ವಾ?

ರೌಟರಿನ ಇನ್ನೊಂದು ವೈಫೈ, 5 ಗಿಗಾಹರ್ಟ್ಸ್‌ಗೆ ಹಾಕಿ ನೋಡಿದೆ. ವೇಗ ಜಾಸ್ತಿ ನಿಜ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ಉಪ್ಪರಿಗೆಯಲ್ಲಿ ಸಿಗ್ನಲ್ಲೇ ಸಿಗಲಿಲ್ಲ. ಟಿವಿ ರೌಟರಿನ ಎದುರಿಗೇ ಇರುವುದರಿಂದ ಅದನ್ನು 5ರಲ್ಲೇ ಬಿಟ್ಟೆ. ಸಾಗರ ಪೇಟೆಗೆ ಹೋಗಿ 15 ಮೀಟರಿನ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದೆ. ಏಣಿಮೆಟ್ಟಿಲ ಬದಿಯಿಂದ ಇಳಿಸಿ, ತೊಲೆಗುಂಟ ಕ್ಲಿಪ್ ಹೊಡೆದು, ಲ್ಯಾಪ್‌ಟಾಪಿಗೂ ರೌಟರಿಗೂ ಸೇರಿಸಿದೆ. ಇಲಿ ಕಾಟ ಇರುವುದರಿಂದ ಮೂಲೆಗಳಲ್ಲಿ ಪೈಪಿನೊಳಗೆ ಹಾಯಿಸಿದೆ. ಅಷ್ಟು ಸಾಕಾಯಿತು. ಸಿನಿಮಾ ನಿಲ್ಲಲೇ ಇಲ್ಲ.

ಅಕ್ಕನ ಮಕ್ಕಳ ಫೋನಿಗೆ ಕಳಿಸಲು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರಿನಲ್ಲಿ ಎಚ್.264 ಅನ್ನುವ ಹಗುರ ರೂಪಕ್ಕೆ ಬದಲಿಸಿ ಒಂದು ಹಗುರ ಪ್ರತಿಯನ್ನೂ ಮಾಡಿದೆ. ಅದರಲ್ಲಿ ಡಿಇಂಟರ್ಲೇಸ್ ಅನ್ನುವ ಆಯ್ಕೆ ಹಾಕುವುದನ್ನು ಮರೆಯಬಾರದು, ಇಲ್ಲದಿದ್ದರೆ ಯಾರಾದರೂ ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಿಲ್ಲ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ.

ತಿಥಿಯ ದಿನ ಸಂಜೆ, ಬಂದವರೆಲ್ಲ ಹೊರಟ ಮೇಲೆ, ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತರು. ಅಮ್ಮ ಕವಳದ ತಟ್ಟೆ ತಂದಿಟ್ಟು ಪಕ್ಕದಲ್ಲಿ ಕೂತಳು. ಚಪ್ಪರಕ್ಕೆ ಕಟ್ಟಿದ ಸಿಂಗಾರ, ನೀರು ಹೊರುವ ಹುಡುಗರು, ಎಲೆ ಒರೆಸುವ ಕೈ. ಆ ಕೈ ನೋಡಿದಾಗಲೇ ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ್ದರು.

"ತಂಗೀ, ಇತ್ಲಾಗೆ ನೋಡೆ."

"ಹೂಂ ಅಣ್ಣಾ" ಅಂದರು ಅತ್ತೆ, ಟಿವಿಗೆ.

ಯಾರೂ ಮಾತಾಡಲಿಲ್ಲ. ಟೇಪು ತನ್ನಷ್ಟಕ್ಕೆ ಓಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ನನ್ನ ಕಡೆ ಕೈ ಚಾಚಿ ರಿಮೋಟ್ ಕೇಳಿದಳು. ಹಿಂದಕ್ಕೆ ಹಾಕುವ ಬಟನ್ ಯಾವುದು ಅಂತ ತೋರಿಸಿಕೊಟ್ಟೆ.