ಕೊಳೆರೋಗ ಮತ್ತು ಹೊಳವಿನ ಲೆಕ್ಕ

ಮಲೆನಾಡಿನ ಅಡಿಕೆ ತೋಟದ ಫಸಲು ತೀರ್ಮಾನವಾಗುವುದು ಕೊಯ್ಲಿನ ಕಾಲದಲ್ಲಲ್ಲ, ಆರಿದ್ರಾದಿಂದ ಆಶ್ಲೇಷದವರೆಗಿನ (ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ) ಮಳೆಗಾಲದ ನಡುವೆ. ವರ್ಷಕ್ಕೆ ಎಷ್ಟು ಇಂಚು ಮಳೆ ಬಿತ್ತು ಎಂದು ನಾವು ಪರಸ್ಪರ ಕೇಳಿಕೊಳ್ಳುತ್ತೇವೆ. ಆದರೆ ತೋಟಕ್ಕೆ ಮುಖ್ಯವಾಗುವುದು ಆ ಮಳೆಯ ನಡುವೆ ಹೊಳವು, ಅಂದರೆ ಮಳೆ ನಿಂತು ಬಾನು ತೆರೆಯುವ ಬಿಡುವು, ಯಾವಾಗ ಬಂತು ಮತ್ತು ಎಷ್ಟು ಹೊತ್ತು ನಿಂತಿತು ಎಂಬುದು. ಕೊಳೆರೋಗದ ಹತೋಟಿಯೆಲ್ಲ ಈ ಹೊಳವನ್ನೇ ನಂಬಿಕೊಂಡಿದೆ, ಮತ್ತು ಈಚಿನ ವರ್ಷಗಳಲ್ಲಿ ನಂಬಲಾಗದಂತೆ ಆಗಿರುವುದೂ ಅದೇ.

ಕೊಳೆರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಹೀಗಾಗಿ ಕಾಯಿಯ ಮೇಲೆ ನೀರಿನ ತೆಳುಪದರ ಇದ್ದಷ್ಟು ಹೊತ್ತೂ ಅವುಗಳಿಗೆ ದಾರಿ ತೆರೆದೇ ಇರುತ್ತದೆ. ಗಾಳಿಯ ತೇವಾಂಶ ಶೇಕಡಾ 90ನ್ನು ಮೀರಿ, ಉಷ್ಣತೆ 20ರಿಂದ 23 ಡಿಗ್ರಿಯ ಆಸುಪಾಸಿನಲ್ಲಿದ್ದು, ನಡುನಡುವೆ ಸ್ವಲ್ಪ ಬಿಸಿಲು ಕಾಣಿಸಿಕೊಂಡು ಮತ್ತೆ ಮಳೆ ಹಿಡಿದರೆ ರೋಗ ಬೇಗನೆ ಹಬ್ಬುತ್ತದೆ. ಮೊದಲು ತೊಟ್ಟಿನ ಬಳಿ ನೀರು ಹೀರಿಕೊಂಡಂತೆ ಕಡುಹಸಿರು ಮಚ್ಚೆ ಕಾಣುತ್ತದೆ, ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಬೆಳೆಯುತ್ತದೆ. ಆ ಕಾಯಿಗಳನ್ನು ಹೆಕ್ಕದೆ ಬಿಟ್ಟರೆ ಅವೇ ಮುಂದಿನ ಸೋಂಕಿನ ಮೂಲವಾಗುತ್ತವೆ. ರೋಗ ಸುಳಿಗೆ ಇಳಿದರಂತೂ ಮರವೇ ಸಾಯುತ್ತದೆ, ಮತ್ತು ಹೊಸ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕಾಗುತ್ತದೆ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಕಾರಣವನ್ನು ವಿವರಿಸಿದರು ಮತ್ತು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದರು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಅದೇ ಲೆಕ್ಕ ಇಂದಿಗೂ ನಡೆಯುತ್ತಿದೆ. ಅದಕ್ಕೂ ಮೊದಲು ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆಯ ನೀರು ತಾಗದಂತೆ ಕಾಯುತ್ತಿದ್ದರು. ಅದು ಬಹಳ ಶ್ರಮದ ಕೆಲಸವಾಗಿದ್ದರೂ, ರೋಗಕ್ಕೆ ನೀರೇ ವಾಹನ ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆ ಕಂಡುಕೊಂಡ ಆ ಹಿರಿಯರ ತಿಳಿವಳಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಬೋರ್ಡೋ ದ್ರಾವಣ ರೋಗವನ್ನು ವಾಸಿಮಾಡುವುದಿಲ್ಲ, ತಡೆಯುತ್ತದೆ ಅಷ್ಟೆ. ಆದ್ದರಿಂದ ಅದು ಸೋಂಕಿಗೆ ಮೊದಲೇ ಕಾಯಿಯ ಮೇಲೆ ಕೂತಿರಬೇಕು. ಕೂರಬೇಕಾದರೆ ಹೊಡೆಯುವಾಗ ಕಾಯಿ ಒಣಗಿರಬೇಕು, ಹೊಡೆದ ಮೇಲೂ ಕೆಲವು ಗಂಟೆ ಮಳೆ ಬರಬಾರದು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅದಾಗಿ 40ರಿಂದ 45 ದಿನಗಳಿಗೆ ಇನ್ನೊಂದು ಸಲ ಎಂಬ ಕ್ರಮ, ಮಳೆ ಜೂನ್ ಮೊದಲ ವಾರದಲ್ಲಿ ಬಂದು ಜುಲೈ ನಡುವಿನಲ್ಲಿ ಹೊಳವು ಕೊಡುತ್ತದೆ ಎಂಬ ಭರವಸೆಯ ಮೇಲೆ ನಿಂತಿತ್ತು.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಅದಕ್ಕೂ ಮುಂಚೆಯೇ ನಮ್ಮ ಕಡೆ ಮೇ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದುದರಿಂದ ಮೊದಲ ಸಲದ ಔಷಧಿಗೇ ಅನೇಕ ತೋಟಗಳಲ್ಲಿ ಅವಕಾಶವಾಗಲಿಲ್ಲ. ಹೊಳವು ಬಂದ ದಿನ ಇಡೀ ಊರಿಗೆ ಒಟ್ಟಿಗೇ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಬೇಕಾಗುತ್ತಾರೆ, ಇರುವವರು ಕೆಲವೇ ಮಂದಿ. ಜಾರುವ ಮರಕ್ಕೆ ಹತ್ತಿರೆಂದು ಅವರನ್ನು ಒತ್ತಾಯಿಸುವುದು ನ್ಯಾಯವೂ ಅಲ್ಲ. ನೆಲದಲ್ಲಿ ನಿಂತೇ ಹೊಡೆಯಬಹುದಾದ ಕಾರ್ಬನ್ ಫೈಬರ್ ದೋಟಿಯಿಂದ (ಉದ್ದನೆಯ ಕೋಲಿನಿಂದ) ಈ ಕಷ್ಟ ಸ್ವಲ್ಪ ತಗ್ಗಿದೆ. ಬಹಳ ಎತ್ತರದ ಹಳೆಯ ಮರಗಳಿಗೆ ಅದೂ ಎಟುಕುವುದಿಲ್ಲ.

ಹಾಗೆಂದು ಮಳೆ ಕಡಿಮೆಯಾದರೆ ಒಳ್ಳೆಯದೆಂದು ಯಾರೂ ತಿಳಿಯಬಾರದು. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ನಮ್ಮಲ್ಲಿ ಕೊಳೆಯ ಕಾಟ ಕಡಿಮೆಯಿತ್ತು, ಆದರೆ ಮುಂದಿನ ಬೇಸಿಗೆಯಲ್ಲಿ ಹಳ್ಳ ಬತ್ತಿ, ಸಿಂಗಾರ (ಅಡಿಕೆಯ ಹೂಗೊಂಚಲು) ಒಣಗಿ, ಎಳೆಗಾಯಿಗಳು ಉದುರಿದವು. ಒಂದು ವರ್ಷದ ಹವೆ ಅಡಿಕೆಯಲ್ಲಿ ಎರಡು ವರ್ಷ ಕಾಣಿಸಿಕೊಳ್ಳುತ್ತದೆ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕಳಸದ ಕಡೆ ಹಬ್ಬಿರುವ ಎಲೆಚುಕ್ಕಿ ರೋಗಕ್ಕೂ ತೇವಭರಿತ ಹವೆಯೇ ಬೆಂಬಲ. ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಹವಾಮಾನ ಆಧಾರಿತ ಬೆಳೆ ವಿಮೆ ಅಡಿಕೆಗೂ ಇರುವುದು ದೊಡ್ಡ ಆಸರೆ. ಆದರೆ ಪಂಚಾಯಿತಿಗೊಂದು ಮಳೆಮಾಪಕದ ಅಂಕಿಯಿಂದ ನಷ್ಟವನ್ನು ಅಳೆಯುವಾಗ, ಗುಡ್ಡದ ಆಚೆ ಬದಿಯ ಕಣಿವೆಯಲ್ಲಿ ಬಿದ್ದ ಮಳೆ ಲೆಕ್ಕಕ್ಕೆ ಬಾರದೆ ಹೋಗಬಹುದು. ಮಳೆಯ ಪ್ರಮಾಣದ ಮುನ್ಸೂಚನೆಯ ಜೊತೆಗೆ, ಮುಂದಿನ ಐದು ದಿನಗಳಲ್ಲಿ ಎಲ್ಲಿ, ಎಷ್ಟು ಗಂಟೆಯ ಹೊಳವು ಸಿಗಬಹುದು ಎಂಬುದನ್ನು ಹೋಬಳಿ ಮಟ್ಟದಲ್ಲಿ ತಿಳಿಸುವ ವ್ಯವಸ್ಥೆ ಬಂದರೆ ಅಡಿಕೆ ಬೆಳೆಗಾರನಿಗೆ ಅದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ಅಲ್ಲಿಯವರೆಗೆ ನಾನು ಅನುಸರಿಸುವ ಕ್ರಮ ಇಷ್ಟೇ. ಮೇ ಆರಂಭದಲ್ಲೇ ಮೈಲುತುತ್ತ, ಸುಣ್ಣ, ದ್ರಾವಣ ಕಾಯಿಗೆ ಹಿಡಿಯಲು ಬೆರೆಸುವ ಅಂಟು ತಂದಿಟ್ಟುಕೊಂಡು ದಿನಾಂಕಕ್ಕೆ ಕಾಯದೆ ಹೊಳವಿಗೆ ಕಾಯುತ್ತೇನೆ. ಮಳೆಗೆ ಮುಂಚೆ ಬಸಿಗಾಲುವೆಗಳ ಹೂಳು ತೆಗೆಸಿರುತ್ತೇನೆ. ಅರ್ಧ ದಿನದ ಹೊಳವಷ್ಟೇ ಸಿಕ್ಕರೆ ತೋಟದ ತುದಿಯಿಂದ ಸಾಲಾಗಿ ಹೊಡೆಸುತ್ತ ಬರುವುದಿಲ್ಲ. ಹಿಂದಿನ ವರ್ಷ ಕೊಳೆ ತಗುಲಿದ್ದ ಮರಗಳಿಗೆ ಮತ್ತು ಗಾಳಿಯಾಡದ, ಮಂಜು ತಡವಾಗಿ ಕರಗುವ ಹಳ್ಳದ ಅಂಚಿನ ಸಾಲುಗಳಿಗೆ ಮೊದಲು, ಬಿಸಿಲು ಬೀಳುವ ಮೇಲ್ಭಾಗಕ್ಕೆ ಕೊನೆಯಲ್ಲಿ.