ಎಡಮಾಮೆ ಬೇಯಿಸಲು ಕುಕ್ಕರ್ ಬೇಡ

ಸಿಪ್ಪೆ ಸಮೇತ ಬೇಯಿಸಿದ ಕಡಲೆಕಾಯಿ ತಿಂದು ಬೆಳೆದವರ ಕೈಗೆ ಎಡಮಾಮೆ, ಅಂದರೆ ಹಸಿರು ಸೋಯಾ ಕಾಯಿ, ಸಿಕ್ಕರೆ ಮೊದಲು ನೆನಪಾಗುವುದು ಕುಕ್ಕರ್. ಒಂದು ಹಿಡಿ ಉಪ್ಪು ಹಾಕಿ ನಾಲ್ಕು ವಿಷಲ್ ಕೂಗಿಸಿ ಇಳಿಸಿದರೆ ಆಯಿತು ಎಂಬ ಲೆಕ್ಕ. ಕಡಲೆಕಾಯಿಗೆ ಆ ಲೆಕ್ಕ ಸರಿ. ಎಡಮಾಮೆಗೆ ಹಾಗೆ ಮಾಡಿದರೆ ಮುಚ್ಚಳ ತೆಗೆದಾಗ ಕಾಣುವುದು ಬಣ್ಣಗೆಟ್ಟ ಮೆತ್ತನೆಯ ಕಾಯಿ. ಒಳಗಿನ ಕಾಳಿನಲ್ಲಿ ಸಿಹಿಯೂ ಇರುವುದಿಲ್ಲ, ಕಚ್ಚಿದರೆ ಹಲ್ಲಿಗೆ ಹಿಡಿತವೂ ಸಿಗುವುದಿಲ್ಲ. ಇದು ನಾಲ್ಕೈದು ನಿಮಿಷದ ಅಡುಗೆ. ಆ ನಾಲ್ಕೈದು ನಿಮಿಷ ಒಲೆ ಬಿಟ್ಟು ಕದಲಬಾರದು.

ಜಪಾನಿ ಭಾಷೆಯಲ್ಲಿ ‘ಎಡ’ ಎಂದರೆ ಕೊಂಬೆ, ‘ಮಾಮೆ’ ಎಂದರೆ ಕಾಳು. ಕೊಂಬೆಗೆ ಅಂಟಿಕೊಂಡಿರುವಾಗಲೇ ಬೇಯಿಸುತ್ತಿದ್ದ ಕಾಯಿಗೆ ಬಂದ ಹೆಸರು ಅದು. ಬೆಳೆ ಹೊಸದೇನಲ್ಲ, ನಮ್ಮ ಸೋಯಾ ಅವರೆಯೇ. ಕಾಳು ತುಂಬಿ, ಇನ್ನೂ ಬಲಿಯದೆ ಹಸಿರಾಗಿರುವಾಗ ಕಿತ್ತರೆ ಎಡಮಾಮೆ; ಗಿಡದಲ್ಲೇ ಒಣಗಲು ಬಿಟ್ಟರೆ ಎಣ್ಣೆಗೂ ಹಿಟ್ಟಿಗೂ ಹೋಗುವ ಸೋಯಾಬೀನ್. ಒಣ ಕಾಳನ್ನು ರಾತ್ರಿ ನೆನೆಹಾಕಿ ಇದೇ ತಿಂಡಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹಸಿ ಅವರೆಕಾಯಿಯ ಸೊಗಡು ನೆನೆಸಿದ ಒಣ ಅವರೆಯಲ್ಲಿ ಸಿಗುತ್ತದೆಯೇ? ಇದೂ ಹಾಗೆಯೇ.

ಕಾಯಿ ಆರಿಸುವಾಗ ಮೂರು ಗುರುತು ನೋಡಿ. ಬಣ್ಣ ಗಾಢ ಹಸಿರಿರಬೇಕು. ಮೈಮೇಲಿನ ನವಿರಾದ ರೋಮ ಒತ್ತಾಗಿ ನಿಂತಿರಬೇಕು. ಕಾಳು ಹೊರಗಿನಿಂದಲೇ ಉಬ್ಬಿ ಕಾಣಬೇಕು. ಹಳದಿಗೆ ತಿರುಗಿದ ಕಾಯಿ ಬಲಿತದ್ದು ಇಲ್ಲವೇ ಹಳತು, ಎಷ್ಟು ಬೇಯಿಸಿದರೂ ಹಿಟ್ಟುಹಿಟ್ಟು. ಉಬ್ಬಿಲ್ಲದ ಚಪ್ಪಟೆ ಕಾಯಿಯಲ್ಲಿ ಬೇಯಿಸುವಷ್ಟು ಕಾಳೇ ಇರುವುದಿಲ್ಲ. ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಇಳಿಯತೊಡಗುತ್ತದೆ, ಬಿಸಿಲಿನಲ್ಲಿಟ್ಟರೆ ಇನ್ನೂ ಬೇಗ. ಆದ್ದರಿಂದ ತಂದ ದಿನವೇ ಬೇಯಿಸಿ. ಆಗದಿದ್ದರೆ ತೊಳೆಯದೆ ಕವರಿನಲ್ಲಿ ಸುತ್ತಿ ಫ್ರಿಜ್ಜಿಗೆ ಹಾಕಿ, ಮರುದಿನ ಮುಗಿಸಿ. ಮೂರು ದಿನ ಹಸಿಯಾಗಿ ಇಡುವುದಕ್ಕಿಂತ ಬೇಯಿಸಿಟ್ಟು ಮೂರು ದಿನ ತಿನ್ನುವುದು ಎಷ್ಟೋ ಮೇಲು.

ಇನ್ನು ಅಳತೆ. 250 ಗ್ರಾಂ ಕಾಯಿಗೆ 1 ಲೀಟರ್ ನೀರು, ಒಟ್ಟು 40 ಗ್ರಾಂ ಉಪ್ಪು. ಅಂದರೆ ನೀರಿನ ತೂಕದ ಶೇ. 4ರಷ್ಟು. ಪುಡಿ ಉಪ್ಪಾದರೆ ಸಮತಟ್ಟಾಗಿ ತುಂಬಿದ ಎರಡು ಟೇಬಲ್ ಚಮಚ, ಮೇಲೊಂದು ಟೀ ಚಮಚ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ. ಹರಳುಗಳ ನಡುವೆ ಗಾಳಿ ಇರುವುದರಿಂದ ತೂಕ ತಪ್ಪುತ್ತದೆ, ತಕ್ಕಡಿಯಲ್ಲೇ ತೂಗಿ. 40 ಗ್ರಾಂ ಕೇಳಿ ಗಾಬರಿಯಾಗುವುದು ಸಹಜ. ಅದರಲ್ಲಿ ಬಹುಪಾಲು ನೀರಿನಲ್ಲೇ ಉಳಿದು ಚೆಲ್ಲಿಹೋಗುತ್ತದೆ, ಸಿಪ್ಪೆಯನ್ನೂ ನಾವು ತಿನ್ನುವುದಿಲ್ಲ. ಒಂದು ಚಮಚ ಉಪ್ಪಿನ ನೀರಿನಲ್ಲಿ ಬೇಯಿಸಿದರೆ ನಾಲ್ಕು ನಿಮಿಷದಲ್ಲಿ ಕಾಳಿಗೆ ಏನೂ ತಲುಪುವುದಿಲ್ಲ. ಆಮೇಲೆ ಮೇಲಿನಿಂದ ಎಷ್ಟು ಉದುರಿಸಿದರೂ ಉಪ್ಪು ತುಟಿಗೆ ಹತ್ತುತ್ತದೆಯೇ ಹೊರತು ಕಾಳು ಸಪ್ಪೆಯೇ.

ಮೊದಲು ಕಾಯಿಯನ್ನು ತೊಳೆದು, ಕತ್ತರಿಯಿಂದ ಎರಡೂ ತುದಿಗಳನ್ನು 2–3 ಮಿಲಿಮೀಟರ್‌ನಷ್ಟು ಕತ್ತರಿಸಿ. ಬೇಸರದ ಕೆಲಸವೇ, ಆದರೆ ಬಿಡಬೇಡಿ. ಉಪ್ಪುನೀರು ಒಳಗೆ ಹೋಗುವ ದಾರಿ ಅದೇ. ಸಮಯವಿಲ್ಲದಿದ್ದರೆ ತೊಟ್ಟಿನ ಕಡೆಯನ್ನಾದರೂ ಕತ್ತರಿಸಿ. ಕತ್ತರಿ ಕಾಳಿಗೆ ತಾಗಬಾರದು. ತಾಗಿದ ಕಾಳು ನೀರು ಕುಡಿದು ರುಚಿ ಬಿಡುತ್ತದೆ.

ಆಮೇಲೆ 40 ಗ್ರಾಂ ಉಪ್ಪಿನಲ್ಲಿ ಒಂದು ಟೇಬಲ್ ಚಮಚದಷ್ಟು ತೆಗೆದು ಒದ್ದೆ ಕಾಯಿಗೆ ಹಾಕಿ, ಎರಡೂ ಅಂಗೈಗಳ ನಡುವೆ ಒಂದು ನಿಮಿಷ ಉಜ್ಜಿ. ಉಪ್ಪಿನ ಹರಳು ಸಿಪ್ಪೆಯ ರೋಮವನ್ನು ಕೆರೆದು ತೆಗೆಯುತ್ತದೆ. ಬೌಲಿನ ತಳದಲ್ಲಿ ಕಂದು ಬಣ್ಣದ ನೊರೆಯಂಥ ನೀರು ಸೇರಿದರೆ ಉಜ್ಜಿದ್ದು ಸಾಕು ಎಂದರ್ಥ. ರೋಮ ಹೋಗದ ಕಾಯಿಯನ್ನು ಬಾಯಿಗಿಟ್ಟಾಗ ತುಟಿಗೆ ತರಿತರಿ ಅನಿಸುತ್ತದೆ, ಅಂಥದನ್ನು ಎರಡನೇ ಸಲ ಯಾರೂ ಬಯಸುವುದಿಲ್ಲ. ಉಜ್ಜಿದ ಉಪ್ಪನ್ನು ತೊಳೆಯದೆ ಹಾಗೆಯೇ ಇಡಿ.

ನೀರು ತಳಮಳ ಕುದಿಯುವಾಗ ಉಳಿದ ಉಪ್ಪು ಹಾಕಿ, ಕಾಯಿಯನ್ನು ಉಪ್ಪಿನ ಸಮೇತ ಸುರಿಯಿರಿ. ದೊಡ್ಡ ಉರಿಯಿರಲಿ, ಮುಚ್ಚಳ ಬೇಡ. ಸೊಪ್ಪು, ಹಸಿರು ಕಾಯಿ ಬೇಯುವಾಗ ಅವುಗಳಲ್ಲಿರುವ ಆಮ್ಲ ಹೊರಬರುತ್ತದೆ. ಪಾತ್ರೆ ತೆರೆದಿದ್ದರೆ ಅದರಲ್ಲಿ ಒಂದಿಷ್ಟು ಹಬೆಯ ಜೊತೆ ಹೋಗುತ್ತದೆ, ಮುಚ್ಚಿದರೆ ಅಲ್ಲೇ ಉಳಿದು ಹಸಿರನ್ನು ಮಾಸಲು ಮಾಡುತ್ತದೆ. ಬಣ್ಣ ಉಳಿಸಲು ಚಿಟಿಕೆ ಅಡುಗೆ ಸೋಡಾ ಹಾಕುವ ಅಭ್ಯಾಸವಿದ್ದರೆ ಇಲ್ಲಿ ಅದನ್ನು ಬಿಡಿ. ಬಣ್ಣವೇನೋ ಉಳಿಯುತ್ತದೆ, ಕಾಯಿ ಲೋಳೆಯಾಗುತ್ತದೆ, ಬಿ ಗುಂಪಿನ ಜೀವಸತ್ವಗಳೂ ಹಾಳಾಗುತ್ತವೆ.

ಮೂರೂವರೆ ನಿಮಿಷಕ್ಕೆ ಒಂದು ಕಾಯಿ ಎತ್ತಿ, ಊದಿ, ಬೆರಳಿನಿಂದ ಒತ್ತಿ. ಕಾಳು ತಡವರಿಸದೆ ಜಾರಿ ಹೊರಬರಬೇಕು. ಕಚ್ಚಿದರೆ ಹಸಿ ವಾಸನೆ ಇರಬಾರದು, ಆದರೆ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು. ‘ಇನ್ನೊಂದು ಅರ್ಧ ನಿಮಿಷ ಬೇಯಬಹುದಿತ್ತು’ ಅನ್ನಿಸುವ ಆ ಹದಕ್ಕೇ ಇಳಿಸಿ. ಆ ಅರ್ಧ ನಿಮಿಷವನ್ನು ಕಾಯಿಯೊಳಗಿನ ಬಿಸಿಯೇ ಮುಗಿಸುತ್ತದೆ. ಸಾಮಾನ್ಯ ಕಾಯಿಗೆ ಐದು ನಿಮಿಷ ದಾಟುವ ಪ್ರಮೇಯ ಬರುವುದಿಲ್ಲ. ಹಾಗೆಂದು ಹಸಿಯಾಗಿಯೂ ತಿನ್ನಬೇಡಿ. ಹಸಿ ಸೋಯಾ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗಲು ಅಡ್ಡಿ ಮಾಡುವ ಅಂಶವಿದೆ, ಹೊಟ್ಟೆ ಕೆಡುತ್ತದೆ. ಬಿಸಿ ತಾಗಿದರೆ ಅದರಲ್ಲಿ ಹೆಚ್ಚಿನದು ನಾಶವಾಗುತ್ತದೆ.

ಬಸಿದ ಕೂಡಲೇ ತಣ್ಣೀರಿನಲ್ಲಿ ಅದ್ದುವುದು ಎಲ್ಲರೂ ಮಾಡುವ ತಪ್ಪು. ಬೀನ್ಸಿಗೆ, ಬಟಾಣಿಗೆ ಮಾಡಿದ ಹಾಗೆ ಇದಕ್ಕೂ ಮಾಡಿದರೆ, ನೀವೇ ಕತ್ತರಿಸಿಟ್ಟ ತುದಿಗಳಿಂದ ತಣ್ಣೀರು ಒಳನುಗ್ಗುತ್ತದೆ. ಕಷ್ಟಪಟ್ಟು ಹತ್ತಿಸಿದ ಉಪ್ಪು ತೊಳೆದುಹೋಗುತ್ತದೆ. ಜಪಾನಿನ ಮನೆಗಳಲ್ಲಿ ಬಿದಿರಿನ ಬುಟ್ಟಿಯ ಮೇಲೆ ಹರಡಿ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ನಮ್ಮಲ್ಲಿ ಮೊರವೋ ಅಗಲ ತಟ್ಟೆಯೋ ಸಾಕು. ಒಂದರ ಮೇಲೊಂದು ಬೀಳದಂತೆ ಹರಡಿ ಫ್ಯಾನಿನ ಕೆಳಗಿಡಿ. ರಾಶಿ ಹಾಕಿದರೆ ನಡುವಿನವು ಬೇಯುತ್ತಲೇ ಇರುತ್ತವೆ.

ತಿನ್ನುವಾಗ ಕಾಯಿಯನ್ನು ತುಟಿಗಿಟ್ಟು ಹಿಂದಿನಿಂದ ಒತ್ತಿ. ಕಾಳಿನ ಜೊತೆ ಒಂದು ಹನಿ ಉಪ್ಪುನೀರೂ ನಾಲಿಗೆಗೆ ಬೀಳುತ್ತದೆ, ಅರ್ಧ ರುಚಿ ಆ ಹನಿಯಲ್ಲಿದೆ. ಸಿಪ್ಪೆ ನಾರು, ಅದನ್ನು ಅಗಿಯಬೇಡಿ. ತೂಕದಲ್ಲಿ ಅರ್ಧಕ್ಕರ್ಧ ಸಿಪ್ಪೆಗೇ ಹೋಗುವುದರಿಂದ 250 ಗ್ರಾಂ ಎಂದರೆ ಇಬ್ಬರಿಗೆ ಸಂಜೆಯ ತಿಂಡಿ, ಅಷ್ಟೇ.

ಬಿ.ಪಿ. ಇರುವವರಿಗೆ ಉಪ್ಪುನೀರಿನ ಈ ವಿಧಾನ ಬೇಡ. ಚೆನ್ನಾಗಿ ತೊಳೆದ ಕಾಯಿಯನ್ನು ಎಣ್ಣೆ ಹಾಕದ ಕಬ್ಬಿಣದ ಬಾಣಲೆಯಲ್ಲಿ ಮುಚ್ಚಿ, ಹದವಾದ ಉರಿಯಲ್ಲಿ 8–10 ನಿಮಿಷ ಆಗಾಗ ತಿರುವಿ ಸುಡಿ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳಲಿ. ಬಣ್ಣ ಸ್ವಲ್ಪ ಮಾಸುತ್ತದೆ. ಆದರೆ ರುಚಿ ನೀರಿಗೆ ಹೋಗದೆ ಕಾಳಿನಲ್ಲೇ ನಿಲ್ಲುವುದರಿಂದ ಉಪ್ಪಿಲ್ಲದೆಯೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ಎಳೆಯ ಕಾಯಿಗೆ ನೀರು, ತುಸು ಬಲಿತದ್ದಕ್ಕೆ ಬಾಣಲೆಯೇ ಒಪ್ಪುತ್ತದೆ.

ಭಾರತದ ಪೇಟೆಗಳಲ್ಲೂ ಹೊರದೇಶದ ಕನ್ನಡಿಗರ ಅಡುಗೆಮನೆಗಳಲ್ಲೂ ಹೆಚ್ಚಾಗಿ ಇರುವುದು ಫ್ರೋಜನ್ ಪ್ಯಾಕೆಟ್. ಅದು ಆಗಲೇ ಒಮ್ಮೆ ಬೆಂದ ಕಾಯಿ. ಮತ್ತೆ ಐದು ನಿಮಿಷ ಕುದಿಸಿದರೆ ಕೆಟ್ಟಿತು. ಕುದಿಯುವ ನೀರಿಗೆ ಹಾಕಿ, ಮತ್ತೆ ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಟ್ಟು ಬಸಿಯಿರಿ. ಪ್ಯಾಕೆಟ್ಟಿನ ಮೇಲೆ ಹೆಚ್ಚು ಹೊತ್ತು ಬರೆದಿದ್ದರೆ ಅದನ್ನೇ ಪಾಲಿಸಿ. ‘ಬೇಯಿಸಿ ತಿನ್ನಿ’ ಎಂದಿರುವುದನ್ನು ಬರೀ ಕರಗಿಸಿ ತಿನ್ನಬೇಡಿ. ಉಪ್ಪು ಹಾಕಿದ್ದಾರೆಯೇ ಎಂದೂ ಓದಿಕೊಳ್ಳಿ. ಸಿಪ್ಪೆ ಬಿಡಿಸಿದ ಕಾಳಿನ ಪ್ಯಾಕೆಟ್ ತಂದಿದ್ದರೆ ಅದೇ ರೀತಿ ಬಿಸಿ ಮಾಡಿ, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಒಂದು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಹಸಿಮೆಣಸು, ಇಂಗಿನ ಒಗ್ಗರಣೆಗೆ ಹಾಕಿ, ದೊಡ್ಡ ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆ ಹಿಂಡಿ. ಒಣಗಿಸದೆ ಹಾಕಿದರೆ ಒಗ್ಗರಣೆ ನೀರಾಗಿ ಕಾಳು ಮೆತ್ತಗಾಗುತ್ತದೆ.

ಎಲ್ಲ ತಳಿಗೂ ಒಂದೇ ಸಮಯ ಹೊಂದುವುದಿಲ್ಲ. ಜಪಾನಿನ ಯಾಮಾಗಾತಾ ಪ್ರಾಂತದ ತ್ಸುರುಓಕಾದಲ್ಲಿ ಬೆಳೆಯುವ ದಾದಾಚಾಮಾಮೆಗೆ ಕಂದು ರೋಮ, ನಡು ಸಣ್ಣಗೆ ಹಿಸುಕಿದಂಥ ಕಾಯಿ. ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಅದರಲ್ಲೂ ಇದೆ. ಹೆಚ್ಚು ಬೇಯಿಸಿದರೆ ಮೊದಲು ಹೋಗುವುದು ಆ ಪರಿಮಳ. ಹ್ಯೋಗೋ ಪ್ರಾಂತದ ತಾಂಬಾ ಸಾಸಾಯಾಮಾದಲ್ಲಿ ಅಕ್ಟೋಬರಿನಲ್ಲಿ ಬರುವ ಕಪ್ಪು ಸೋಯಾದ ಎಡಮಾಮೆ ಕಾಳು ದಪ್ಪ. ಅದು ಎಂಟು–ಹತ್ತು ನಿಮಿಷ ಕೇಳುತ್ತದೆ. ಸೆಂದೈ ಕಡೆ ಎಡಮಾಮೆಯನ್ನು ಮೆತ್ತಗೆ ಬೇಯಿಸಿ, ಕಾಳಿನ ಮೇಲಿನ ತೆಳು ಪೊರೆಯನ್ನೂ ತೆಗೆದು, ಸಕ್ಕರೆ ಮತ್ತು ಚಿಟಿಕೆ ಉಪ್ಪು ಸೇರಿಸಿ ಅರೆದು ‘ಜುಂದಾ’ ಮಾಡುತ್ತಾರೆ. ಹಿದುಕಿದ ಬೇಳೆ ಮಾಡಿದ ಕೈಗೆ ಆ ಪೊರೆ ತೆಗೆಯುವ ಕೆಲಸ ಹೊಸದಲ್ಲ.

ಬೀದರ್, ಬೆಳಗಾವಿ, ಧಾರವಾಡದ ಕಡೆಯವರಿಗೆ ಒಂದು ಮಾತು. ಜೂನ್‌ನಲ್ಲಿ ಬಿತ್ತಿದ ಸೋಯಾ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಹಸಿರು ಕಾಯಿ ಕಟ್ಟಿರುತ್ತದೆ. ಅದನ್ನೂ ಹೀಗೇ ಬೇಯಿಸಿ ತಿನ್ನಬಹುದು. ಎಣ್ಣೆಕಾಳಿನ ತಳಿಯಾದ್ದರಿಂದ ಕಾಳು ಸಣ್ಣದು, ಸಿಹಿ ಕಡಿಮೆ, ಒಂದೆರಡು ನಿಮಿಷ ಹೆಚ್ಚು ಬೇಕು. ಆದರೆ ಹೊಲಕ್ಕೆ ಔಷಧಿ ಹೊಡೆದಿದ್ದರೆ ಕೀಳಬೇಡಿ. ಆ ಸಿಂಪಡಣೆ ಕಾಳು ಒಣಗಿದ ಮೇಲೆ ಕೊಯ್ಯುವ ಲೆಕ್ಕದ್ದು, ಹಸಿ ಕಾಯಿ ತಿನ್ನುವ ಲೆಕ್ಕದ್ದಲ್ಲ. ಮನೆಗೆಂದು ಒಂದೆರಡು ಸಾಲನ್ನು ಸಿಂಪಡಿಸದೆ ಬಿಟ್ಟುಕೊಳ್ಳಿ, ಔಷಧಿ ಗಾಳಿಗೆ ತೇಲಿ ಬರದಷ್ಟು ದೂರದಲ್ಲಿ.

ಬೆಂದ ಕಾಳು 100 ಗ್ರಾಂ ತಿಂದರೆ ಸುಮಾರು 120 ಕ್ಯಾಲರಿ, 11–12 ಗ್ರಾಂ ಪ್ರೋಟೀನ್, 5 ಗ್ರಾಂ ನಾರು. ಬಿ ಗುಂಪಿನ ಜೀವಸತ್ವವಾದ ಫೋಲೇಟ್ ಕೂಡ ಧಾರಾಳ. ಕರಿದ ತಿಂಡಿಯ ಬದಲಿಗೆ ಸಂಜೆ ಇದನ್ನು ಮುಂದಿಡಿ ಎನ್ನಲು ಇಷ್ಟು ಸಾಕು. ಸೋಯಾ ಅಲರ್ಜಿ ಇರುವವರು ದೂರವಿರಲೇಬೇಕು. ರಕ್ತ ತೆಳುವಾಗಿಸಲು ವಾರ್ಫರಿನ್ ತೆಗೆದುಕೊಳ್ಳುವವರು, ಥೈರಾಯ್ಡ್ ಮಾತ್ರೆ ನುಂಗುವವರು ದಿನಾ ತಿನ್ನುವ ಮುಂಚೆ ವೈದ್ಯರನ್ನು ಕೇಳಿ. ಸಣ್ಣ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಹಿಸುಕಿ ಕೊಡಿ.

ಹೆಚ್ಚು ಸಿಕ್ಕಾಗ ಕೂಡಿಡುವುದಾದರೆ ಎರಡೂವರೆ ನಿಮಿಷಕ್ಕೇ ಇಳಿಸಿ, ಪೂರ್ತಿ ಆರಿಸಿ, ಒರೆಸಿ, ಜಿಪ್ ಕವರಿನಲ್ಲಿ ಒಂದೇ ಪದರವಾಗಿ ಹರಡಿ ಗಾಳಿ ಒತ್ತಿ ತೆಗೆದು ಫ್ರೀಜರಿಗೆ ಹಾಕಿ. ಒಂದು ತಿಂಗಳೊಳಗೆ ಮುಗಿಸಿ. ತಿನ್ನುವ ದಿನ ಕರಗಿಸದೆ ನೇರ ಕುದಿಯುವ ನೀರಿಗೆ ಹಾಕಿ, ಮತ್ತೆ ಕುದಿ ಬಂದ ಮೇಲೆ ಒಂದೂವರೆ ನಿಮಿಷ.